ಉಪವಾಸದ ದಿನದ ಮಾತ್ರೆ

ಬೆಳಗಿನ ಜಾವ ನಾಲ್ಕು ಗಂಟೆ ನಲವತ್ತು ನಿಮಿಷ.

ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಏಳು ಗಂಟೆ ಹತ್ತು ನಿಮಿಷ ಎಂದಿದೆ. ಹಾಗೆ ಬರೆಸಿದವನು ನಾನೇ. ಅಕ್ಕ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕುಸಿದದ್ದು ಆಗ. ಆದರೆ ಶುರುವಾದದ್ದು ನಾಲ್ಕು ನಲವತ್ತಕ್ಕೆ, ಒಂಟಿಕೊಪ್ಪಲಿನ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ. ಆಷಾಢದ ಮೂರನೇ ಶುಕ್ರವಾರ. ನಾನು ಚಾರ್ಜರಿನಿಂದ ಫೋನ್ ಬಿಡಿಸಿಕೊಳ್ಳುತ್ತಿದ್ದೆ. ಅಕ್ಕ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಮಾತ್ರೆಯ ಸ್ಟ್ರಿಪ್ ಹಿಡಿದು ನಿಂತಿದ್ದಳು.

"ಇವತ್ತು ಪೂರ್ತಿ ಉಪವಾಸ ಕಣೋ ಸೀನ. ದರ್ಶನ ಆಗೋವರ್ಗೂ ನೀರು ಬಿಟ್ರೆ ಏನೂ ಇಲ್ಲ. ಇದು ಬೇಕಾ?"

"ಮಾತ್ರೆ ತಪ್ಪಿಸ್ಬೇಡ ಅಕ್ಕ. ಒಂದು ದಿನಾನೂ ತಪ್ಪಿಸ್ಬಾರ್ದು."

ನಾನು ತಲೆ ಎತ್ತಿಯೂ ನೋಡಲಿಲ್ಲ. ಅವಳು ನುಂಗಿದಳು.

ನಾನು ಮೆಡಿಕಲ್ ರೆಪ್, ಕಂಪನಿಯ ಔಷಧಿಗಳನ್ನು ಡಾಕ್ಟರುಗಳಿಗೆ ಪರಿಚಯಿಸುವವನು. ಹದಿನಾಲ್ಕು ವರ್ಷದಿಂದ ಮೈಸೂರಿನ ಕ್ಲಿನಿಕ್ಕುಗಳ ಹೊರಗೆ ಕಪ್ಪು ಬ್ಯಾಗ್ ಹಿಡಿದು ನಿಂತವನು. ಬ್ಯಾಗಿನಲ್ಲಿ ಡಯಾಬಿಟಿಸ್ ಮಾತ್ರೆಗಳು. ಸರೋಜಕ್ಕ ನನಗಿಂತ ಹದಿನೈದು ವರ್ಷ ದೊಡ್ಡವಳು. ಮಂಡಿ ಮೊಹಲ್ಲಾದಲ್ಲಿ ಎರಡು ಮಷೀನಿನ ಒಂದು ಪುಟ್ಟ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಅಪ್ಪ ಹೋದ ಮೇಲೆ ಆ ಮಷೀನು ತುಳಿದೇ ನನ್ನನ್ನು ಬಿ.ಎಸ್ಸಿ. ಓದಿಸಿದಳು. ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾಳೆ. ಮೂರು ವರ್ಷದ ಕೆಳಗೆ ಅವಳಿಗೆ ಶುಗರ್ ಬಂದಾಗ ಬೀದಿಗೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದಳು: "ನಂಗೇನ್ ಬುಡಿ, ಔಷಧಿ ಕಂಪ್ನೀನೇ ಮನೇಲೈತೆ."

ಆ ದಿನ ನಾವು ಮೆಟ್ಟಿಲ ಬುಡದಿಂದ ಹೊರಟಾಗ ಆರು ಗಂಟೆ. ಮಂಜು, ಸಣ್ಣ ಚಳಿ, ಜನವೋ ಜನ. ಅಕ್ಕ ಹರಕೆ ಹೊತ್ತವಳ ಹಾಗೆ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಿದ್ದಳು. ನಾನು ಎರಡು ಮೆಟ್ಟಿಲು ಮುಂದೆ. ನಂದಿಯ ಹತ್ತಿರ ಬರುವಾಗ ಹಿಂತಿರುಗಿ ನೋಡಿದರೆ ಅವಳು ಒಂದೇ ಮೆಟ್ಟಿಲಿಗೆ ಮತ್ತೆ ಮತ್ತೆ ಕುಂಕುಮ ಹಚ್ಚುತ್ತಿದ್ದಾಳೆ.

ನಾನು ನಕ್ಕೆ. "ಅಕ್ಕ, ಅದಕ್ಕೆ ಹಚ್ಚಾಯ್ತಲ್ಲ. ಅಲ್ಲೇ ಮನೆ ಮಾಡ್ತೀಯಾ?"

"ಅಳತೆ ತಪ್ಪೋಗೈತೆ," ಅಂದಳು. "ತೋಳು ಇನ್ನೂ ಅರ್ಧ ಇಂಚು..."

ಅಷ್ಟು ಚಳಿಯಲ್ಲಿ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ರವಿಕೆಯ ಬೆನ್ನು ಪೂರ್ತಿ ಒದ್ದೆ. ಬೆರಳು ನಡುಗುತ್ತಿತ್ತು. ನಾನು ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳು ಪಕ್ಕಕ್ಕೆ ವಾಲಿದಳು. ತಟ್ಟೆಯ ಕುಂಕುಮವೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಯಾರೋ ರಕ್ತ ಎಂದು ಕೂಗಿದರು.

ಬೆವರು, ನಡುಕ, ಅಸಂಬದ್ಧ ಮಾತು, ಪ್ರಜ್ಞೆ ತಪ್ಪುವುದು. ಈ ನಾಲ್ಕನ್ನೂ ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇದೇ ಕ್ರಮದಲ್ಲಿ ಹೇಳಬಲ್ಲೆ. ಶುಗರ್ ತೀರಾ ಇಳಿದರೆ ಕಾಣುವ ಲಕ್ಷಣ ಎಂದು ನನ್ನ ಮಾತ್ರೆಯ ಲೀಫ್‌ಲೆಟ್ಟಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದು ಅದೇ. ಆ ಬದಿಯನ್ನು ಡಾಕ್ಟರುಗಳ ಮುಂದೆ ತಿರುಗಿಸಿ ತೋರಿಸುವ ರೂಢಿ ನಮ್ಮಲ್ಲಿಲ್ಲ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಮಾತ್ರ ಸ್ಟ್ರೋಕ್, ಹಾರ್ಟ್ ಅಟ್ಯಾಕ್, ದೇವರ ಕೋಪ. ಮಾತ್ರೆಯೊಂದು ಬಿಟ್ಟು ಎಲ್ಲವೂ ಹೊಳೆಯಿತು.

ನಾಲ್ಕು ಜನ ಅಪರಿಚಿತರು ಅವಳನ್ನು ಎತ್ತಿಕೊಂಡು ನಂದಿಯ ಬಳಿಯ ರಸ್ತೆಗೆ ತಂದರು. ಅಲ್ಲಿ ನಿಂತಿದ್ದ ಆಂಬುಲೆನ್ಸಿನ ನರ್ಸ್ ಬೆರಳು ಚುಚ್ಚಿ ಮೀಟರ್ ನೋಡಿದರು.

ಇಪ್ಪತ್ತೆಂಟು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ.

"ಶುಗರ್ ಪೇಷಂಟಾ?" ಎಂದು ಅವರು ನನ್ನ ಮೇಲೆ ರೇಗಿದರು. "ಮೊದ್ಲೇ ಹೇಳೋದಲ್ವೇನ್ರೀ?"

ಕ್ಯಾಶುವಾಲ್ಟಿಯಲ್ಲಿ ಗ್ಲೂಕೋಸ್ ಏರಿಸಿದ ಸ್ವಲ್ಪ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಳು. ಸುತ್ತ ನೋಡಿ, "ತಟ್ಟೆ ಎಲ್ಲಿ?" ಅಂದಳು. ನಾನು ಅಲ್ಲೇ ಗೋಡೆಗೆ ಒರಗಿ ಕುಳಿತೆ. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೆನ್ ತೆಗೆದು ಕೇಳಿದರು.

"ಯಾವ ಮಾತ್ರೆ? ಡೋಸ್ ಎಷ್ಟು? ಯಾರು ಬರ್ದಿದ್ದು?"

ಮೂರಕ್ಕೂ ನನಗೆ ಉತ್ತರ ಗೊತ್ತಿತ್ತು. ನಮ್ಮ ಬೀದಿಯ ವಯಸ್ಸಾದ ಡಾಕ್ಟರು ಮೂರು ವರ್ಷದ ಕೆಳಗೆ ಬರೆದದ್ದು ಒಂದು ಮಿಲಿಗ್ರಾಂ, ದಿನಕ್ಕೆ ಒಂದು ಸಲ. ಅದು ಬೇರೆ ಕಂಪನಿಯದು. ಆದರೆ ರೆಪ್ ಮನೆಯಲ್ಲಿ ಯಾರೂ ಔಷಧಿ ಅಂಗಡಿಗೆ ಹೋಗುವುದಿಲ್ಲ. ಔಷಧಿ ಬ್ಯಾಗಿನಿಂದ ಬರುತ್ತದೆ. ಹೋದ ಸಂಕ್ರಾಂತಿಯ ಹೊತ್ತಿಗೆ ನಮ್ಮ ಕಂಪನಿ ಎರಡು ಔಷಧಿ ಸೇರಿಸಿದ ಒಂದು ಹೊಸ ಕಾಂಬಿನೇಷನ್ ಮಾತ್ರೆ ತಂದಿತು. ಡಾಕ್ಟರುಗಳಿಗೆ ಹಂಚಲು ಬಂದ ಸ್ಯಾಂಪಲ್ಲುಗಳೆಲ್ಲ ಎರಡು ಮಿಲಿಗ್ರಾಮಿನವು, ದಿನಕ್ಕೆ ಎರಡು. ನಾನು ಅಕ್ಕನ ಡಬ್ಬಿ ತುಂಬಿಸಿಟ್ಟೆ. ನಮ್ಮದೇ ಮಾತ್ರೆ, ಇನ್ನೂ ಒಳ್ಳೆಯದು, ಶುಗರ್ ಎಷ್ಟು ಬಿಗಿ ಹಿಡಿದರೆ ಅಷ್ಟು ಕ್ಷೇಮ ಎಂದುಕೊಂಡೆ. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದುದೂ ಅದನ್ನೇ. ಯಾವ ಡಾಕ್ಟರನ್ನೂ ಕೇಳಲಿಲ್ಲ.

ದಿನಕ್ಕೆ ನಾಲ್ಕು ಪಟ್ಟು.

"ಒಂದು ಮಿಲಿಗ್ರಾಂ ಮೇಡಂ," ಅಂದೆ. "ಫ್ಯಾಮಿಲಿ ಡಾಕ್ಟ್ರು ಬರ್ದಿದ್ದು."

ಏಕೆ ಸುಳ್ಳು ಹೇಳಿದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಕೆಲಸ ಹೋಗುತ್ತದೆಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಅಕ್ಕ ಎಚ್ಚರವಾಗಿ ಮಲಗಿದ್ದಳು, ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಡಾಕ್ಟರು ಬರೆದುಕೊಂಡರು. ಎರಡು ಸಲ ರೀಡಿಂಗ್ ಸರಿ ಬಂದ ಮೇಲೆ ಡ್ರಿಪ್ ನಿಧಾನ ಮಾಡಿ ವಾರ್ಡಿಗೆ ಕಳಿಸಿದರು. ನನ್ನ ಹೆಂಡತಿ ಮಂಜುಳ ಇಡ್ಲಿ ತಂದಳು. ಅಕ್ಕ ಎರಡು ತಿಂದು, "ದರ್ಶನ ಆಗ್ಲಿಲ್ಲ, ಉಪವಾಸಾನೂ ಕೆಡ್ತು," ಎಂದು ಗೊಣಗಿದಳು. ಎಲ್ಲ ಮುಗಿಯಿತು ಅಂದುಕೊಂಡೆ.

ಮಧ್ಯಾಹ್ನ ಅಕ್ಕನ ಅಂಗಡಿಯ ನೂರ್‌ಜಾನ್ ಬಂದರು. ಎರಡನೆಯ ಮಷೀನು ಅವರದು, ಹನ್ನೆರಡು ವರ್ಷದ ಜೊತೆ. ಅಕ್ಕ ನಿದ್ದೆ ಮಾಡುತ್ತಿದ್ದಾಳೆಂದು ಇಬ್ಬರೂ ವೆರಾಂಡದಲ್ಲಿ ನಿಂತೆವು.

"ಹೆಂಗಾಯ್ತಣ್ಣ? ಅಂಗ್ಡೀಲಿ ಆಗೋ ಹಂಗೇ ಆಯ್ತಾ?"

"ಅಂಗ್ಡೀಲಿ ಏನಾಗ್ತಿತ್ತು?"

ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಹನ್ನೊಂದು ಗಂಟೆ ಆದ್ರೆ ಕೈ ನಡುಗೋದು. ಸೂಜೀಗೆ ದಾರ ಪೋಣಿಸಾಕೆ ಆಗ್ತಿರ್ಲಿಲ್ಲ. ಬೆಲ್ಲದ ಚೂರು ಬಾಯಿಗ್ ಹಾಕ್ಕಂಡ್ರೆ ಸರಿಹೋಗೋದು. ನಿಮ್ಗೆ ಹೇಳಿ ಅಂದ್ರೆ ಆಣೆ ಇಡಿಸ್ಕಂಡ್ರು. ನಮ್ ಸೀನನ್ ಕಂಪ್ನಿ ಮಾತ್ರೆ, ಅವ್ನು ಬೇಜಾರ್ ಮಾಡ್ಕತಾನೆ ಅಂತ. ಅಲ್ಲಣ್ಣ, ಎರಡು ಸಲ ಅವ್ರ ರವಿಕೆಗಳನ್ನ ನಾನೇ ಒಳಕ್ ಹಿಡ್ದು ಹೊಲ್ದಿದೀನಿ. ಒಂಬತ್ತು ಕೇಜಿ ಇಳಿದವ್ರೆ. ನೀವ್ ನೋಡ್ಲೇ ಇಲ್ವಾ?"

ನೋಡಿರಲಿಲ್ಲ.

ಸಂಕ್ರಾಂತಿಯಿಂದ ಈಚೆಗೆ ಅವರಿಬ್ಬರೂ ಬೆಳಗ್ಗೆ ಒಂದು ಗಂಟೆ ನಡೆಯುತ್ತಿದ್ದರಂತೆ. ಅಕ್ಕ ಕಾಫಿಗೆ ಸಕ್ಕರೆ ಬಿಟ್ಟಿದ್ದಳು, ರಾತ್ರಿ ಅನ್ನ ಬಿಟ್ಟಿದ್ದಳು. ಇದೆಲ್ಲ ನಡೆದದ್ದು ನನ್ನ ಮನೆಯಲ್ಲಿ, ನನ್ನ ಕಣ್ಣೆದುರು. ನನಗೆ ಅದು ಹೆಂಗಸರ ಹೊಸ ಹುಚ್ಚಿನ ಹಾಗೆ ಕಂಡಿತ್ತು.

ಹೊರಡುವಾಗ ನೂರ್‌ಜಾನ್ ಕೈಚೀಲದಿಂದ ಏನೋ ತೆಗೆದರು. "ನಮ್ ಅಮ್ಮಂಗೂ ಶುಗರ್ ಅಂತ ಅಕ್ಕ ಇದ್ನ ಕೊಟ್ಟಿದ್ರು. ನಾಳೆಯಿಂದ ಶುರು ಮಾಡಣ ಅಂತಿದ್ವಿ. ಮಾಡ್ಬೋದಾ?"

ನನ್ನ ಬ್ಯಾಗಿನ ಸ್ಟ್ರಿಪ್. ಎರಡು ಮಿಲಿಗ್ರಾಂ. ಹತ್ತೂ ಹಾಗೇ ಇದ್ದವು.

ಅದನ್ನು ಅವರ ಕೈಯಿಂದ ಕಿತ್ತುಕೊಂಡೆ. ಕೇಳಿ ಪಡೆಯುವಷ್ಟು ಸಮಾಧಾನ ನನಗಿರಲಿಲ್ಲ. ಅವರು ಬೆದರಿ ಹಿಂದೆ ಸರಿದರು. ಅದೇ ಹೊತ್ತಿಗೆ ಒಳಗಿನಿಂದ ಮಂಜುಳ ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು.

ಅಕ್ಕನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಕೈಕಾಲು ಸೆಟೆದು ಅದುರುತ್ತಿದ್ದವು. ಮಂಚದ ಕಬ್ಬಿಣಕ್ಕೆ ಅವಳ ಬಳೆ ಬಡಿಯುವ ಶಬ್ದ. ಈಗಲೂ ಬಸ್ಸಿನಲ್ಲಿ ಯಾರದಾದರೂ ಬಳೆ ಕಂಬಿಗೆ ತಗುಲಿದರೆ ತಿರುಗಿ ನೋಡುತ್ತೇನೆ.

ಡ್ಯೂಟಿ ಡಾಕ್ಟರ್ ಓಡಿ ಬಂದರು. ಮತ್ತೆ ಇಂಜೆಕ್ಷನ್, ಮತ್ತೆ ಗ್ಲೂಕೋಸ್. ಅದುರುವುದು ನಿಂತ ಮೇಲೆ ಅವರು ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ಒಂದು ಮಿಲಿಗ್ರಾಂಗೆ ಹೀಗಾಗೋದು ನಾನು ನೋಡಿಲ್ಲ. ನೀವು ಏನೋ ಬಿಟ್ಟು ಹೇಳ್ತಾ ಇದೀರಿ. ನಂಗೆ ಸರಿಯಾಗಿ ಗೊತ್ತಾಗ್ದೆ ಇವ್ರನ್ನ ಉಳಿಸೋದು ಕಷ್ಟ ಆಗತ್ತೆ."

ನನ್ನ ಮುಷ್ಟಿಯಲ್ಲಿ ನೂರ್‌ಜಾನರಿಂದ ಕಿತ್ತುಕೊಂಡ ಸ್ಟ್ರಿಪ್ ಇನ್ನೂ ಇತ್ತು. ಕೈ ಬಿಚ್ಚಿ ಕೊಟ್ಟೆ. ಅವರು ಅದನ್ನು ತಿರುಗಿಸಿ, ಹಿಂದೆ ಕೆಂಪು ಅಕ್ಷರದಲ್ಲಿ ಅಚ್ಚಾಗಿದ್ದ 'ಸ್ಯಾಂಪಲ್, ಮಾರಾಟಕ್ಕಲ್ಲ' ಎಂಬ ಸಾಲನ್ನು ಓದಿದರು. ಆಮೇಲೆ ನನ್ನ ಮುಖ ನೋಡಿದರು. ನನ್ನನ್ನು ಗುರುತು ಹಿಡಿದರೆಂದು ಕಾಣುತ್ತದೆ. ಆ ಆಸ್ಪತ್ರೆಯ ಓಪಿಡಿಯಲ್ಲೂ ನಾನು ಬ್ಯಾಗ್ ಹಿಡಿದು ನಿಂತಿದ್ದುಂಟು.

"ಎರಡು ಮಿಲಿಗ್ರಾಂ. ದಿನಕ್ಕೆ ಎರಡು ಸಲ. ಆರು ತಿಂಗಳಿಂದ," ಎಂದೆ. "ಕೊಟ್ಟಿದ್ದು ನಾನೇ."

ಅವರು ಅದನ್ನು ಕೇಸ್ ಶೀಟಿನಲ್ಲಿ ತಿದ್ದಿ ಬರೆದರು. ಅಕ್ಕನನ್ನು ಐಸಿಯುಗೆ ಸಾಗಿಸಲು ಹೇಳಿ ಹೊರಟುಹೋದರು. ಆಮೇಲೆ ವಿವರಿಸಿದರು: ಊಟ ಮಾಡಿದರೂ ಈ ಮಾತ್ರೆಯ ಕೆಲಸ ನಿಲ್ಲುವುದಿಲ್ಲ, ಅಕ್ಕನ ಕಿಡ್ನಿ ಸ್ವಲ್ಪ ನಿಧಾನ, ಆದ್ದರಿಂದ ಮೈಯಿಂದ ಹೊರಗೆ ಹೋಗಲು ಎರಡು ದಿನವಾದರೂ ಬೇಕು. ಅಲ್ಲಿಯವರೆಗೆ ಡ್ರಿಪ್ ನಿಲ್ಲಿಸುವಂತಿಲ್ಲ. ಮೊದಲೇ ಗೊತ್ತಿದ್ದರೆ ವಾರ್ಡಿಗೆ ಕಳಿಸುತ್ತಲೇ ಇರಲಿಲ್ಲ.

ಮೊದಲೇ ಗೊತ್ತಿದ್ದರೆ.

ಎರಡು ದಿನ ಐಸಿಯು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಗಂಟೆಗೊಮ್ಮೆ ಗಾಜಿನಾಚೆ ನರ್ಸ್ ಅವಳ ಬೆರಳು ಚುಚ್ಚುವುದು ಕಾಣಿಸುತ್ತಿತ್ತು. ಇಷ್ಟು ವರ್ಷ ನಾನೇ ಆಡಿದ ಒಂದು ಮಾತು ಆ ಕುರ್ಚಿಯಲ್ಲಿ ನನ್ನ ತಲೆಯೊಳಗೆ ನಿಲ್ಲದೆ ತಿರುಗುತ್ತಿತ್ತು. ಡಾಕ್ಟರುಗಳು, "ಮೊದಲು ವಾಕಿಂಗ್, ಪಥ್ಯ ಹೇಳಿ ನೋಡ್ತೀನಿ," ಎಂದಾಗಲೆಲ್ಲ ನಾನು ನಗುತ್ತಾ ಹೇಳುತ್ತಿದ್ದ ಮಾತು. "ಅದು ಒಳ್ಳೇದೇ ಸರ್. ಆದ್ರೆ ಪೇಷಂಟ್ ಮಾಡ್ತಾರಾ?" ಟ್ರೈನಿಂಗಿನಲ್ಲಿ ಕನ್ನಡಿ ಮುಂದೆ ನಿಲ್ಲಿಸಿ ಆ ನಗುವನ್ನೂ ಕಲಿಸಿದ್ದರು. ಹತ್ತರಲ್ಲಿ ಎಂಟು ಡಾಕ್ಟರು ತಾವೂ ನಕ್ಕು ಪೆನ್ ತೆಗೆಯುತ್ತಿದ್ದರು. ನನ್ನ ಇಡೀ ವ್ಯಾಪಾರ ನಿಂತಿದ್ದು ಜನ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ. ನನ್ನ ಅಕ್ಕ ಬದಲಾಗಿದ್ದಳು. ಅವಳ ಮೈ ಅರ್ಧ ಗೆದ್ದಾಗಿತ್ತು. ಗೆಲ್ಲುತ್ತಿದ್ದ ಮೈಗೆ ನಾನು ದಿನಕ್ಕೆರಡು ಸಲ ಏಟು ಕೊಡುತ್ತಿದ್ದೆ.

ಭಾನುವಾರ ಪಾರ್ಕುಗಳಲ್ಲಿ ನಾವು ಉಚಿತ ಶುಗರ್ ಕ್ಯಾಂಪ್ ಮಾಡುತ್ತೇವೆ. ವಾಕಿಂಗ್ ಬಂದವರನ್ನೇ ಕರೆದು ಬೆರಳು ಚುಚ್ಚಿ, ನಂಬರ್ ಸ್ವಲ್ಪ ಹೆಚ್ಚಿದ್ದರೆ ಯಾವ ಡಾಕ್ಟರ ಬಳಿ ಹೋಗಬೇಕೆಂದು ಚೀಟಿ ಕೊಡುತ್ತೇವೆ. ಇದರಿಂದ ಎಷ್ಟೋ ಜನಕ್ಕೆ ಸಕಾಲದಲ್ಲಿ ರೋಗ ಗೊತ್ತಾಗಿದೆ, ಅದು ಸುಳ್ಳಲ್ಲ. ಮಾತ್ರೆ ವಿಷ ಎಂದೂ ನಾನು ಹೇಳುವುದಿಲ್ಲ. ಸರಿಯಾದ ಮಾತ್ರೆ ಸಿಗದೆ ಕಾಲು ಕಳೆದುಕೊಂಡವರನ್ನು ಕಂಡಿದ್ದೇನೆ. ಆದರೆ ಹದಿನಾಲ್ಕು ವರ್ಷದಲ್ಲಿ ಒಂದು ಕ್ಯಾಂಪಿನಲ್ಲೂ, "ನಿಮ್ಮ ಮಾತ್ರೆ ಕಮ್ಮಿ ಮಾಡೋ ಕಾಲ ಬಂದಿದೆಯಾ, ಕೇಳಿ," ಎಂದು ನಾವು ಯಾರಿಗೂ ಹೇಳಿಲ್ಲ. ಶುರು ಮಾಡಿಸಲು ನನಗೆ ಸಂಬಳ ಇತ್ತು. ನಿಲ್ಲಿಸಲು ಯಾರಿಗೂ ಸಂಬಳ ಇರಲಿಲ್ಲ.

ಮೂರನೆಯ ದಿನ ಅಕ್ಕನನ್ನು ವಾರ್ಡಿಗೆ ತಂದರು. ಅದುರುವಾಗ ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ತೊದಲುತ್ತಿತ್ತು. ಎಲ್ಲವನ್ನೂ ಅವಳಿಗೆ ಹೇಳಿದೆ. ಡೋಸು, ಸ್ಯಾಂಪಲ್ಲು, ಡಾಕ್ಟರಿಗೆ ಹೇಳಿದ ಸುಳ್ಳು.

"ಅವತ್ತು ಬೆಳಗ್ಗೆ ಮಾತ್ರೆ ಬೇಕಾ ಅಂತ ಕೇಳ್ದೆ," ಎಂದಳು.

"ಹೂಂ."

"ನೀನು ಮುಖ ಎತ್ತಿ ನೋಡ್ಲಿಲ್ಲ."

"ಇಲ್ಲ."

"ನೋಡಿದ್ರೆ ಏನಂತಿದ್ದೆ?"

ಗೊತ್ತಿಲ್ಲ ಅಂದೆ. ಅದೇ ನಿಜ. ನೋಡಿದ್ದರೂ ಅದೇ ಮಾತು ಹೇಳುತ್ತಿದ್ದೆನೋ ಏನೋ. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಆ ದಿನವೆಲ್ಲ ಮಂಜುಳ ಕೊಟ್ಟರೆ ತಿಂದಳು, ನಾನು ಕೊಟ್ಟರೆ, "ಇಡು ಅಲ್ಲಿ," ಅಂದಳು.

ಡಿಸ್ಚಾರ್ಜ್ ಆದ ಮೇಲೆ ನಮ್ಮ ಬೀದಿಯ ಡಾಕ್ಟರ ಬಳಿ ಹೋದೆವು. ಅವರಲ್ಲಿಗೆ ನಾನು ಹದಿನೈದು ದಿನಕ್ಕೊಮ್ಮೆ, ಬುಧವಾರ ಮಧ್ಯಾಹ್ನ, ರೆಪ್ ಆಗಿ ಹೋಗುತ್ತಿದ್ದವನು. ಪ್ರತಿ ರೆಪ್‌ಗೆ ಎರಡು ನಿಮಿಷ ಅವರ ನಿಯಮ. ತೂಕ ಇಳಿದರೆ ಬಂದು ತೋರಿಸಿ, ಮಾತ್ರೆ ಕಮ್ಮಿ ಮಾಡೋಣ ಎಂದು ಅವರು ಅಕ್ಕನಿಗೆ ಮೊದಲೇ ಹೇಳಿದ್ದರು. ಅವಳು ನನಗೆ ಹೇಳಿದ್ದಳು. "ಕ್ಯೂ ನಿಲ್ಬೇಡ, ನಾನೇ ಕೇಳ್ಕೊಂಡ್ ಬರ್ತೀನಿ," ಎಂದಿದ್ದೆ. ಆರು ತಿಂಗಳಲ್ಲಿ ಹತ್ತು ಹನ್ನೆರಡು ಸಲ ಅವರ ಎದುರು ಕುಳಿತಿದ್ದೆ. ಪ್ರತಿ ಸಲವೂ ಎರಡು ನಿಮಿಷ ಹೊಸ ಮಾತ್ರೆಗೇ ಮುಗಿದುಹೋಗುತ್ತಿತ್ತು. ಎದ್ದು ಬಂದು ಸ್ಕೂಟರ್ ಸ್ಟಾರ್ಟ್ ಮಾಡುವಾಗ, ಅಕ್ಕನ ವಿಷಯ ಮರೆತೆನಲ್ಲ ಎನಿಸುತ್ತಿತ್ತು. ಮುಂದಿನ ಬುಧವಾರ ಕೇಳೋಣ ಎನಿಸುತ್ತಿತ್ತು.

ಈ ಸಲ ಟೋಕನ್ ತೆಗೆದುಕೊಂಡು ಪೇಷಂಟುಗಳ ಬೆಂಚಿನಲ್ಲಿ ಕುಳಿತೆವು. ಡಾಕ್ಟರು ನನ್ನ ಬರಿಗೈ ನೋಡಿ, "ಏನ್ರೀ ಶ್ರೀನಿವಾಸ, ಬ್ಯಾಗ್ ಮರ್ತ್ ಬಂದ್ರಾ?" ಎಂದರು. ಡಿಸ್ಚಾರ್ಜ್ ಸಮ್ಮರಿ ಓದಿದ ಮೇಲೆ ಮತ್ತೆ ತಮಾಷೆ ಮಾಡಲಿಲ್ಲ. ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಸರೋಜಮ್ಮ, ನೀವು ಬರ್ಲಿಲ್ಲ ಅಂತ ನಾನೂ ವಿಚಾರಿಸ್ಲಿಲ್ಲ. ಬೇರೆ ಕಡೆ ತೋರಿಸ್ತಾ ಇರ್ಬೇಕು ಅಂದ್ಕೊಂಡೆ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಆ ಹೊಸ ಮಾತ್ರೆ ಇದೇ ಬೀದೀಲಿ ಇನ್ನೂ ಎಷ್ಟೋ ಜನಕ್ಕೆ ನಾನೇ ಬರ್ದಿದೀನಿ. ಅವ್ರಲ್ಲಿ ಯಾರ್ಯಾರು ತೂಕ ಇಳಿಸಿದಾರೋ, ಯಾರ್ಯಾರು ಉಪವಾಸ ಮಾಡ್ತಾರೋ, ನಾನೂ ಕೇಳಿಲ್ಲ ಕಣ್ರೀ."

ಆ ಮಾತ್ರೆ ಪೂರ್ತಿ ನಿಲ್ಲಿಸಿದರು. ಒಂದೇ ಒಂದು ಹಳೆಯ, ಸಾಧಾರಣ ಮಾತ್ರೆ ಬರೆದರು. ಅದನ್ನು ಅಕ್ಕ ತಾನೇ ಮೆಡಿಕಲ್ ಸ್ಟೋರಿಗೆ ಹೋಗಿ ಕೊಂಡಳು. ನಾನು ಜೊತೆಗೆ ಹೊರಟರೆ, "ನೀನ್ ಮನೇಗ್ ನಡಿ," ಅಂದಳು.

ನಾನು ಕೆಲಸ ಬಿಟ್ಟಿಲ್ಲ. ಬಿಡಬೇಕೆಂದು ಬರೆದಿಟ್ಟ ಕಾಗದ ಬೀರುವಿನಲ್ಲಿದೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಈಗ ಎರಡು ನಿಮಿಷದಲ್ಲಿ ಅರ್ಧ ನಿಮಿಷ ಲೀಫ್‌ಲೆಟ್ಟಿನ ಹಿಂಬದಿ ತೋರಿಸುತ್ತೇನೆ. ಕೆಲವು ಡಾಕ್ಟರು ವಿಚಿತ್ರವಾಗಿ ನೋಡುತ್ತಾರೆ. "ನೀವು ಮಾರೋಕ್ ಹೋಗ್ತಿದೀರೋ, ಹೆದರ್ಸೋಕೋ?" ಎಂದು ಮ್ಯಾನೇಜರ್ ಮೀಟಿಂಗಿನಲ್ಲಿ ಎಲ್ಲರ ಎದುರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಹೊಗಳಿಕೊಳ್ಳಲಾರೆ. ಹಿಂಬದಿ ತೋರಿಸುವುದು ದೊಡ್ಡ ಧೈರ್ಯವೇನೂ ಅಲ್ಲವೆಂದು ನನಗೆ ಗೊತ್ತಿದೆ.

ಅಕ್ಕ ಆಸ್ಪತ್ರೆಯಿಂದ ಬಂದ ಆ ವಾರಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಅಲಾರಂ ಇಟ್ಟು ಎದ್ದು ಅಕ್ಕನ ಬೆರಳು ಚುಚ್ಚುತ್ತಿದ್ದೆ. ಇನ್ನು ಬೇಕಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಬಿಡಲಿಲ್ಲ. ಅವಳು ಬೈಯುತ್ತಲೇ ಕೈ ಚಾಚುತ್ತಿದ್ದಳು, ಮುಖ ಮಾತ್ರ ಆಚೆಗೆ ತಿರುಗಿಸಿಕೊಂಡು. ಅಲಾರಮಿಗೂ ಮೊದಲೇ ನನಗೆ ಎಚ್ಚರವಾಗುತ್ತಿತ್ತು. ಮಂಚಕ್ಕೆ ಬಳೆ ಬಡಿದ ಹಾಗೆ ಕೇಳಿಸುತ್ತಿತ್ತು. ಓಡಿಹೋಗಿ ನೋಡಿದರೆ ಅವಳು ಉಸಿರಾಡುತ್ತಾ ಮಲಗಿರುತ್ತಿದ್ದಳು. ಕೆಲವು ಸಲ ಅವಳೂ ಎಚ್ಚರವಾಗಿಯೇ ಇರುತ್ತಿದ್ದಳು, ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು. ನಿದ್ದೆ ಹೋದರೆ ಮತ್ತೆ ಏಳುತ್ತೇನೋ ಇಲ್ಲವೋ ಎಂಬ ಭಯ ತನಗಿದೆಯೆಂದು ಮಂಜುಳಳ ಬಳಿ ಹೇಳಿದ್ದಳಂತೆ.

ಗೌರಿ ಹಬ್ಬದ ಹಿಂದಿನ ವಾರ ಅಂಗಡಿಯಲ್ಲಿ ರವಿಕೆಗಳ ರಾಶಿ. ಅಕ್ಕ ಮತ್ತೆ ಕೆಲಸಕ್ಕೆ ಹೋಗತೊಡಗಿದ್ದಳು. ಬೆಳಗ್ಗೆ ನೂರ್‌ಜಾನ್ ಜೊತೆ ವಾಕಿಂಗೂ ಶುರುವಾಗಿತ್ತು. ಹಬ್ಬದ ಹಿಂದಿನ ದಿನ ಮನೆಗೆ ಬಂದವಳು ಮುದ್ದೆ ಉಂಡು, ಗೋಡೆಗೊರಗಿ ಕೂತಲ್ಲೇ ತೂಕಡಿಸಿದಳು. ನಾನು ಎಂದಿನಂತೆ ಅಲಾರಂ ಇಟ್ಟು ಮಲಗಿದೆ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ಏಳು ಗಂಟೆ.

ಅಲಾರಂ ಕೇಳಿಸಿಯೇ ಇರಲಿಲ್ಲ. ಎದ್ದು ಓಡಿದೆ. ಅಕ್ಕನ ಹಾಸಿಗೆ ಮಡಿಸಿತ್ತು. ಅವಳು ಅಡುಗೆಮನೆಯ ಕಟ್ಟೆಯ ಪಕ್ಕ ಕುಳಿತು ಹಬ್ಬದ ಒಬ್ಬಟ್ಟಿಗೆ ಬೇಳೆ ಆರಿಸುತ್ತಿದ್ದಳು.

"ಎಬ್ಬಿಸ್ಬಾರ್ದಿತ್ತಾ?" ಎಂದೆ.

"ನಂಗೂ ಈಗ್ಲೇ ಎಚ್ಚರ ಆಗಿದ್ದು ಕಣೋ. ಮಲಗಿದ್ದೇ ಗೊತ್ತು, ಎದ್ದಿದ್ದೇ ಗೊತ್ತು." ಬೇಳೆಯಿಂದ ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟಳು. "ನೂರ್‌ಜಾನ್ ಬಾಗಿಲು ಬಡಿದು ಬಡಿದು ಸಾಕಾಗಿ ಒಬ್ಳೇ ವಾಕಿಂಗ್ ಹೋದ್ಲಂತೆ. ಫೋನ್ ಮಾಡಿ ಬೈದ್ಲು."

ಮೀಟರಿನ ಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು. ಅವಳು ಅದನ್ನು ನೋಡಿದಳು. ಬೆರಳು ಚಾಚಲಿಲ್ಲ.

ನಾನು ಪೆಟ್ಟಿಗೆಯನ್ನು ಕಿಟಕಿಯ ಮೇಲಿಟ್ಟು, ಅವಳೆದುರು ನೆಲದ ಮೇಲೆ ಕುಳಿತೆ. "ಹೆಂಗಿದೀಯಕ್ಕ?" ಎಂದೆ. ಅವಳ ಮುಖ ನೋಡುತ್ತಾ ಕಾದೆ.

ಅವಳು ಬೇಳೆ ಹಿಡಿದ ಕೈ ಎತ್ತಿ ತೋರಿಸಿದಳು. ಕೈ ನಡುಗುತ್ತಿಲ್ಲ ಎಂದಳು. ಹಸಿವಾಗುತ್ತಿದೆ, ಆದರೆ ಒಳ್ಳೆಯ ಹಸಿವು ಎಂದಳು. ನಾಲಿಗೆಯ ಗಾಯ ಖಾರ ತಿಂದರೆ ಇನ್ನೂ ಉರಿಯುತ್ತದೆ ಎಂದಳು. ಆಮೇಲೆ ಮೊರವನ್ನು ನನ್ನ ಕಡೆ ಅರ್ಧ ಸರಿಸಿ, "ನೋಡ್ತಾ ಕೂರ್ಬೇಡ, ಆರ್ಸು," ಎಂದಳು.